ಸಂತೆಗೆ ಸಂಚಿ ಸಾಕು, ಪೆಟ್ಟಿಗೆ ಬೇಡ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಮಾಸಿಕ ಸಭೆಯಲ್ಲಿ ಸಿಸ್ಟರ್ ಅವರು ನೀಡಿದ ಉಪನ್ಯಾಸದ ಬರಹರೂಪ)



ಪ್ರಾರ್ಥನಾ ಗೀತೆ ಆಯಿತು, ಹೋದ ತಿಂಗಳ ನಡಾವಳಿ ಓದಿದ್ದೂ ಆಯಿತು. ಇವತ್ತಿನ ವಿಷಯ ನಿಮ್ಮ ಕೈಚೀಲದಲ್ಲೇ ಇದೆ. ಬ್ಯಾಂಕಿನವರು ಕೊಟ್ಟ ಕಾರ್ಡು, ಅದಕ್ಕೆ ಜೋಡಿಸಿದ ಮೊಬೈಲು, ಆ ಮೊಬೈಲಿನಲ್ಲಿ ಆಗಾಗ ಮಿನುಗುವ ‘ಕ್ಯಾಶ್‌ಬ್ಯಾಕ್’ ಎಂಬ ಮಾತು, ಈ ಮೂರರ ಬಗ್ಗೆ ಸ್ವಲ್ಪ ಮಾತಾಡೋಣ.

ಸಂಘಗಳು ಶುರುವಾದ ಕಾಲದಲ್ಲಿ ಇದೇ ಸಭಾಂಗಣದಲ್ಲಿ ಕೂತು ನಾವು ಕಲಿಸುತ್ತಿದ್ದದ್ದು ಸಹಿ ಹಾಕುವುದು, ಬ್ಯಾಂಕಿನ ಚಲನ್ ತುಂಬುವುದು. ಆಮೇಲೆ ಕಾಲ ಬೇಗ ಓಡಿತು. 2012ರಲ್ಲಿ ನಮ್ಮ ದೇಶದ್ದೇ ಆದ ರುಪೇ ಕಾರ್ಡು ಬಂತು. 2014ರ ಆಗಸ್ಟ್ 28ರಂದು ಜನಧನ್ ಯೋಜನೆ ಶುರುವಾಗಿ ಆ ಕಾರ್ಡು ಹಳ್ಳಿ ಮನೆಯೊಳಗೂ ಬಂತು. 2016ರಲ್ಲಿ ಯುಪಿಐ ಬಂದ ಮೇಲೆ ಕಾರ್ಡು ಡಬ್ಬಿಯಲ್ಲೇ ಉಳಿಯಿತು, ಮೊಬೈಲೇ ಕಾರ್ಡಾಯಿತು. ಈಗ ಡೇರಿ ಬಟವಾಡೆ, ಗೃಹಲಕ್ಷ್ಮಿ, ಸಂಘದ ಸಾಲ ಎಲ್ಲವೂ ಖಾತೆಗೇ ಬರುತ್ತದೆ. ಸೊಪ್ಪಿನಮ್ಮನ ಗಾಡಿಯಲ್ಲೂ ಕ್ಯೂಆರ್ ಚೀಟಿ ನೇತಾಡುತ್ತದೆ. ಇದು ಒಳ್ಳೆಯದೇ. ನಾವು ಇದನ್ನು ಬೇಡ ಅನ್ನುವವರಲ್ಲ. ಆದರೆ ಒಂದು ಸಂಗತಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಒಬ್ಬ ಸಹೋದರಿಯ ಕಥೆ

2023ರಲ್ಲಿ ನಡೆದದ್ದು. ಹೆಸರು, ಊರು ಹೇಳುವುದಿಲ್ಲ. ‘ಹೇಳಿ ಸಿಸ್ಟರ್, ಬೇರೆಯವರಿಗಾದರೂ ಬುದ್ಧಿ ಬರಲಿ’ ಎಂದು ಆಕೆಯೇ ಒಪ್ಪಿದ್ದಾಳೆ.

ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವ ಹೆಂಗಸು. ಮಗಳ ಕಾಲೇಜು ಫೀಸಿಗೆಂದು ಸಂಘದಿಂದ 20,000 ರೂಪಾಯಿ ಸಾಲ ಪಡೆದಿದ್ದಳು. ಹಣ ಖಾತೆಗೆ ಬಂದ ಮೂರನೇ ದಿನ ಸಂಜೆ ಒಂದು ಫೋನ್ ಬಂತು. ‘ಅಮ್ಮಾ, ನಿಮ್ಮ ಕಾರ್ಡಿಗೆ 1,999 ರೂಪಾಯಿ ಕ್ಯಾಶ್‌ಬ್ಯಾಕ್ ಬಂದಿದೆ. ಮೊಬೈಲಿನಲ್ಲಿ ಒಂದು ಸೂಚನೆ ಕಾಣ್ತಾ ಇದೆಯಲ್ಲ, ಅದನ್ನು ಒತ್ತಿ ಪಿನ್ ಹಾಕಿ, ಹಣ ಖಾತೆಗೆ ಬೀಳುತ್ತೆ’ ಎಂದು ಒಬ್ಬ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದ. ಆಕೆ ಒತ್ತಿದಳು, ಪಿನ್ ಹಾಕಿದಳು. 1,999 ರೂಪಾಯಿ ಬರಲಿಲ್ಲ, ಹೋಯಿತು. ‘ಅಯ್ಯೋ, ತಪ್ಪಾಯ್ತು ಅಮ್ಮಾ, ಎರಡೂ ಸೇರಿಸಿ ವಾಪಸ್ ಹಾಕ್ತೀವಿ, ಇನ್ನೊಂದು ಸಲ ಪಿನ್ ಹಾಕಿ’ ಎಂದ. ಈ ಸಲ 4,999 ಹೋಯಿತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಗಂಡನಿಗೂ ಹೇಳಲಿಲ್ಲ, ಸಂಘದ ಅಧ್ಯಕ್ಷೆಗೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅದೇ ಮನುಷ್ಯ ಮತ್ತೆ ಫೋನ್ ಮಾಡಿದ. ಹೋದದ್ದು ಬಂದೀತು ಎಂಬ ಆಸೆಯಿಂದ ಮತ್ತೊಮ್ಮೆ ಪಿನ್ ಹಾಕಿದಳು. 9,500 ಹೋಯಿತು. ಒಟ್ಟು 16,498 ರೂಪಾಯಿ.

ಎರಡು ವಾರದ ಸಭೆಗೆ ಆಕೆ ಬರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದಳು. ಹನ್ನೊಂದನೇ ದಿನ ನಾವು ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ನಿಂತು ಅತ್ತು ಎಲ್ಲ ಹೇಳಿದಳು. ಪೊಲೀಸ್ ಠಾಣೆಗೆ ಹೋದೆವು, ಬ್ಯಾಂಕಿಗೆ ಹೋದೆವು. ಅಷ್ಟರಲ್ಲಿ ಆ ಹಣ ಯಾವ ಯಾವ ಖಾತೆ ದಾಟಿ ಹೋಗಿತ್ತೋ, ಸಿಗಲಿಲ್ಲ. ಮೊದಲನೇ ಸಂಜೆಯೇ ಪಕ್ಕದ ಮನೆಯ ಸದಸ್ಯೆಗೆ ಒಂದು ಮಾತು ಹೇಳಿದ್ದರೆ ಕೊನೇಪಕ್ಷ ಆ 9,500 ಉಳಿಯುತ್ತಿತ್ತು.

ಇದರಲ್ಲಿ ನಮ್ಮ ತಪ್ಪೂ ಇದೆ. ಆಕೆಯ ಊರಿನಲ್ಲಿ ಮೊಬೈಲ್ ತರಬೇತಿ ನಡೆಸಿದವರು ನಾವೇ. ಕಾರ್ಡಿನ ಕೊನೆಯ ಆರು ಅಂಕಿ ಹಾಕುವುದು, ಓಟಿಪಿ ಹಾಕುವುದು, ಪಿನ್ ಇಡುವುದು, ಹೀಗೆ ಜೋಡಿಸುವುದನ್ನೆಲ್ಲ ಕಲಿಸಿದೆವು. ಯಾವ ಖಾತೆಯನ್ನು ಜೋಡಿಸಬೇಕು, ಯಾವುದನ್ನು ಜೋಡಿಸಬಾರದು ಎಂದು ಹೇಳಿಕೊಡಲಿಲ್ಲ. ಇವತ್ತಿನ ಮಾತು ಆ ಬಾಕಿ ಪಾಠ.

ಯಾವ ಖಾತೆ ಜೋಡಿಸಬೇಕು?

ನೀವು ಸಂತೆಗೆ ಹೋಗುವಾಗ ಏನು ಮಾಡುತ್ತೀರಿ? ಸೊಂಟದ ಸಂಚಿಯಲ್ಲಿ ಐನೂರೋ ಸಾವಿರವೋ ಇಟ್ಟುಕೊಂಡು ಹೋಗುತ್ತೀರಿ. ಉಳಿದದ್ದು ಪೆಟ್ಟಿಗೆಯಲ್ಲಿ, ಬೀಗದೊಳಗೆ ಇರುತ್ತದೆ. ಪೆಟ್ಟಿಗೆಯನ್ನೇ ತಲೆ ಮೇಲೆ ಹೊತ್ತು ಸಂತೆಗೆ ಹೋಗುವವರು ಯಾರಾದರೂ ಇದ್ದಾರಾ? ಆದರೆ ಮೊಬೈಲಿನ ವಿಷಯದಲ್ಲಿ ನಾವು ಅದನ್ನೇ ಮಾಡುತ್ತಿದ್ದೇವೆ. ಉಳಿತಾಯ, ಸಾಲದ ಹಣ, ಗೃಹಲಕ್ಷ್ಮಿ ಎಲ್ಲ ಇರುವ ಒಂದೇ ಖಾತೆಯನ್ನು ಮೊಬೈಲಿಗೆ ಜೋಡಿಸಿ, ಟೀ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಅದನ್ನೇ ತೆಗೆಯುತ್ತೇವೆ.

ಆದ್ದರಿಂದ ಪೆಟ್ಟಿಗೆ ಬೇರೆ, ಸಂಚಿ ಬೇರೆ ಮಾಡಿಕೊಳ್ಳಿ. ಅದಕ್ಕೆ ಎರಡು ದಾರಿಗಳಿವೆ.

ಒಂದು, ಸಾಧ್ಯವಾದವರು ಇನ್ನೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆ ತೆರೆದು ಅದನ್ನು ಮಾತ್ರ ಮೊಬೈಲಿಗೆ ಜೋಡಿಸಬಹುದು. ವಾರಕ್ಕೆ ಬೇಕಾದಷ್ಟನ್ನು ಅದರಲ್ಲಿ ಇಟ್ಟರೆ ಸಾಕು. ಕನಿಷ್ಠ ಎಷ್ಟು ಹಣ ಇಟ್ಟಿರಬೇಕು, ಕಡಿಮೆಯಾದರೆ ದಂಡ ಎಷ್ಟು ಎಂದು ತೆರೆಯುವ ಮುಂಚೆಯೇ ಕೇಳಿ. ಮೊದಲು ಜೋಡಿಸಿದ್ದ ದೊಡ್ಡ ಖಾತೆಯನ್ನು ಆ್ಯಪಿನಿಂದ ತೆಗೆದುಹಾಕಿ.

ಎರಡು, ಒಂದೇ ಖಾತೆ ಸಾಕು ಅನ್ನುವವರಿಗೆ ‘ಯುಪಿಐ ಲೈಟ್’ ಇದೆ. ಖಾತೆಯಿಂದ ಸ್ವಲ್ಪ ಹಣವನ್ನು ಬೇರೆ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಅದು. ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಇದರ ಮಿತಿಯನ್ನು ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು 5,000 ರೂಪಾಯಿಗೆ ಏರಿಸಿತು. ಸಣ್ಣ ಖರೀದಿಗೆ ಪಿನ್ ಒತ್ತಬೇಕಾಗಿಲ್ಲ, ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ನಿಂತವನು ನಿಮ್ಮ ಪಿನ್ ಕದ್ದು ನೋಡುವ ಭಯವಿಲ್ಲ. ಆದರೆ ಪಿನ್ ಬೇಡವಾದ್ದರಿಂದ ಮೊಬೈಲ್ ಕಳೆದರೆ ಆ ಸಂಚಿಯ ಹಣವೂ ಹೋಗಬಹುದು. ಮೊಬೈಲಿಗೆ ಬೀಗ ಹಾಕಿ, ಸಂಚಿಯಲ್ಲಿ ಐನೂರು ಸಾವಿರಕ್ಕಿಂತ ಹೆಚ್ಚು ಇಡಬೇಡಿ.

ಸಂಘದ ಖಾತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅದು ಇಬ್ಬರ ಸಹಿಯ ಖಾತೆ. ನಿರ್ಣಯ ಪುಸ್ತಕದಲ್ಲಿ ಬರೆದು, ಇಬ್ಬರು ಹೋಗಿ ಹಣ ತೆಗೆಯುವುದು ನಮ್ಮ ಪದ್ಧತಿ. ಅನುಕೂಲ ಆಗುತ್ತೆ ಎಂದು ಒಬ್ಬರ ಮೊಬೈಲಿಗೆ ಸಂಘದ ಹಣ ಹಾಕಿಸಿಕೊಂಡು ಅಲ್ಲಿಂದ ಹಂಚುವುದು ಬೇಡ. ಆ ಒಬ್ಬರು ಎಷ್ಟೇ ಪ್ರಾಮಾಣಿಕರಾಗಿರಲಿ, ಅವರ ಮೊಬೈಲಿಗೆ ಬರುವ ಫೋನ್ ಪ್ರಾಮಾಣಿಕವಾಗಿರಬೇಕಲ್ಲ?

ಕ್ಯಾಶ್‌ಬ್ಯಾಕ್ ಅಂದರೆ ಏನು?

ಹೊಸ ಅಂಗಡಿ ತೆರೆದಾಗ ಮೊದಲ ದಿನ ಬಂದವರಿಗೆ ಒಂದು ಲೋಟ ಪಾನಕ ಕೊಡುತ್ತಾರೆ, ನಾಳೆಯೂ ಅದೇ ಅಂಗಡಿಗೆ ಬರಲಿ ಎಂದು. ಕ್ಯಾಶ್‌ಬ್ಯಾಕ್ ಕೂಡ ಆ ಪಾನಕವೇ. ಅದರಲ್ಲಿ ಪಾಪವೇನೂ ಇಲ್ಲ. ಹೇಗೂ ಕಟ್ಟಬೇಕಾದ ಕರೆಂಟ್ ಬಿಲ್ಲು, ಗ್ಯಾಸ್ ಬಿಲ್ಲು ಕಟ್ಟಿದಾಗ ಹತ್ತು ರೂಪಾಯಿ ತಿರುಗಿ ಬಂದರೆ ಸಂತೋಷವಾಗಿ ತೆಗೆದುಕೊಳ್ಳಿ. ಆದರೆ ಪಾನಕಕ್ಕೋಸ್ಕರ ಬೇಡದ ಸೀರೆ ಕೊಳ್ಳಬಾರದು. ನೂರಕ್ಕೆ ಒಂದು ರೂಪಾಯಿ ಕ್ಯಾಶ್‌ಬ್ಯಾಕ್ ಅಂದರೆ 2,000 ರೂಪಾಯಿ ಖರ್ಚು ಮಾಡಿದರೆ 20 ರೂಪಾಯಿ. ಆ ಸೀರೆ ಬೇಡವಾಗಿದ್ದರೆ ನೀವು ಉಳಿಸಿದ್ದು 20 ಅಲ್ಲ, ಕಳೆದುಕೊಂಡದ್ದು 1,980.

ಈಗೀಗ ನಮ್ಮ ಊರುಗಳಿಗೂ ಕ್ರೆಡಿಟ್ ಕಾರ್ಡಿನವರು ಬರುತ್ತಿದ್ದಾರೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ಅಂಗಡಿಯ ಅದೇ ಕ್ಯೂಆರ್, ಅದೇ ಮೊಬೈಲ್. ಹಾಗಾಗಿ ಕೊಡುತ್ತಿರುವುದು ನಮ್ಮ ಹಣವೋ ಸಾಲವೋ ಎಂದು ಗೊತ್ತೇ ಆಗುವುದಿಲ್ಲ. ಒಂದು ಲೆಕ್ಕ ಮಾಡೋಣ. ಆ ಕಾರ್ಡಿನಲ್ಲಿ 10,000 ರೂಪಾಯಿಯ ಸಾಮಾನು ಕೊಂಡಿರಿ, 100 ರೂಪಾಯಿ ಕ್ಯಾಶ್‌ಬ್ಯಾಕ್ ಬಂತು. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಸರಿ, ನೂರು ರೂಪಾಯಿ ಲಾಭ. ಕಟ್ಟಲಿಲ್ಲ ಅನ್ನಿ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿಯ ಕಾರ್ಡಾದರೆ ಒಂದು ತಿಂಗಳಿಗೆ 350 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 63 ರೂಪಾಯಿ, ಒಟ್ಟು 413. ತಡವಾದ ದಂಡ ಬೇರೆ. ‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಎಂದು ಬಿಲ್ಲಿನಲ್ಲಿ ಬರೆದಿರುತ್ತದೆ. ಅಷ್ಟು ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಸಂಘದ ಸಾಲದ ಬಡ್ಡಿ ನೂರಕ್ಕೆ ಒಂದು ರೂಪಾಯಿಯೋ ಒಂದೂವರೆಯೋ ಎಂದು ನಾವು ಅರ್ಧ ದಿನ ಚರ್ಚೆ ಮಾಡುತ್ತೇವೆ. ಈ ಮೂರೂವರೆಗೆ ಯಾರೂ ಚರ್ಚೆ ಮಾಡುವುದಿಲ್ಲ, ನೋಡಿ!

ಕ್ಯಾಶ್‌ಬ್ಯಾಕ್ ಎಂದು ಹುಡುಕುವಾಗ ಕೈಯಲ್ಲಿರುವ ದೊಡ್ಡ ಲಾಭವನ್ನು ಮರೆಯಬೇಡಿ. ಜನಧನ್ ಖಾತೆಯ ರುಪೇ ಕಾರ್ಡಿಗೆ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ 2 ಲಕ್ಷ, ಅದಕ್ಕೂ ಹಿಂದಿನವಕ್ಕೆ 1 ಲಕ್ಷ ರೂಪಾಯಿ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಒಂದು ಸಲವಾದರೂ ಆ ಕಾರ್ಡನ್ನು ಬಳಸಿರಬೇಕು ಎಂಬ ಷರತ್ತಿದೆ. ಸಾಸಿವೆ ಡಬ್ಬಿಯಲ್ಲಿ ಮಲಗಿಸಿದ ಕಾರ್ಡಿಗೆ ವಿಮೆ ಸಿಗುವುದಿಲ್ಲ. ಎರಡು ತಿಂಗಳಿಗೊಮ್ಮೆ ಎಟಿಎಂನಲ್ಲಿ ನೂರು ರೂಪಾಯಿಯಾದರೂ ತೆಗೆಯಿರಿ.

ಪಿನ್ನಿನ ಒಂದೇ ಸೂತ್ರ

ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ: ಬರುವ ಹಣಕ್ಕೆ ಪಿನ್ ಬೇಡ. ಪಿನ್ ಬೇಕಾಗುವುದು ಹಣ ಕಳಿಸಲು, ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ನಿಜವಾದ ಕ್ಯಾಶ್‌ಬ್ಯಾಕ್ ತಾನಾಗಿಯೇ ಬಂದು ಬೀಳುತ್ತದೆ. ‘ಹಣ ಬರಬೇಕಾದರೆ ಪಿನ್ ಹಾಕಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಓಟಿಪಿ ಹೇಳಿ’ ಎಂದವನು ಕಳ್ಳ. ಅವನ ಜೊತೆ ವಾದ ಮಾಡಬೇಡಿ, ಫೋನ್ ಇಟ್ಟುಬಿಡಿ.

ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ಯುಪಿಐಯಲ್ಲಿ ನಿಲ್ಲಿಸಿದ್ದಾರೆ. ಇದು ಒಳ್ಳೆಯ ಸುದ್ದಿ. ಆದರೆ ವ್ಯಾಪಾರಿಗಳ ಹೆಸರಿನ ಕೋರಿಕೆ ಈಗಲೂ ಇದೆ, ಕ್ಯೂಆರ್ ಕಳಿಸಿ ಮೋಸ ಮಾಡುವುದೂ ಇದೆ. ಬಾಗಿಲು ಮುಚ್ಚಿದರೆ ಕಳ್ಳ ಕಿಟಕಿ ನೋಡುತ್ತಾನೆ. 2025ರ ಮಧ್ಯದಿಂದ ಇನ್ನೊಂದು ಅನುಕೂಲ ಬಂದಿದೆ. ಹಣ ಕಳಿಸುವ ಮುಂಚೆ, ಪಡೆಯುವವರ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಪರದೆಯ ಮೇಲೆ ಕಾಣಿಸಬೇಕು. ಆ ಹೆಸರು ಓದದೆ ಪಿನ್ ಹಾಕಬೇಡಿ. ಕಣ್ಣು ಮಂಜಾದವರು ಪಕ್ಕದವರಿಂದ ಓದಿಸಿಕೊಳ್ಳಿ. ಹೆಸರನ್ನು ಓದಿಸಬಹುದು, ಪಿನ್ನನ್ನು ಒತ್ತಿಸಬಾರದು.

ಕಾರ್ಡಿನ ಬಗ್ಗೆ ನಾಲ್ಕು ಮಾತು

1. ಪಿನ್ ಸಂಖ್ಯೆಯನ್ನು ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನ ರಟ್ಟಿನ ಮೇಲೆ ಬರೆಯಬೇಡಿ. ಹುಟ್ಟಿದ ವರ್ಷ, 1234 ಇಂಥವು ಬೇಡ.

2. ಕಾರ್ಡಿನ ಮೇಲೆ ಅಲೆಯಂಥ ಗುರುತು ಇದ್ದರೆ, ಯಂತ್ರಕ್ಕೆ ತಾಗಿಸಿದ ಮಾತ್ರಕ್ಕೆ ಹಣ ಹೋಗುತ್ತದೆ. 2021ರ ಜನವರಿ 1ರಿಂದ ಹೀಗೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡುವ ಅವಕಾಶ ಬಂತು. ನಮಗೆ ಬೇಡವಾದರೆ ನಿಲ್ಲಿಸಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಹೊಸ ಕಾರ್ಡು ಮೊದಲಿಗೆ ನಮ್ಮ ದೇಶದ ಎಟಿಎಂ ಮತ್ತು ಅಂಗಡಿ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್, ವಿದೇಶ, ತಾಗಿಸುವುದು ಇವನ್ನೆಲ್ಲ ನಾವು ಹೇಳಿದರೆ ಮಾತ್ರ ತೆರೆಯುತ್ತಾರೆ. ಬೇಡದ ಬಾಗಿಲು ತೆರೆಸಬೇಡಿ.

3. ಆನ್‌ಲೈನ್ ಅಂಗಡಿಗೆ ಕಾರ್ಡು ಜೋಡಿಸುವಾಗ ‘ಟೋಕನ್’ ಎಂಬ ಮಾತು ಬರುತ್ತದೆ. ಜಾತ್ರೆಯಲ್ಲಿ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರಲ್ಲ, ಹಾಗೇ. 2022ರ ಅಕ್ಟೋಬರ್ 1ರಿಂದ ಅಂಗಡಿಯವರು ನಮ್ಮ ಕಾರ್ಡಿನ ನಿಜವಾದ ಸಂಖ್ಯೆ ಇಟ್ಟುಕೊಳ್ಳುವ ಹಾಗಿಲ್ಲ, ಅದರ ಬದಲು ಒಂದು ಟೋಕನ್ ಇಟ್ಟುಕೊಳ್ಳಬಹುದು. ಅಂಗಡಿಯ ದಾಖಲೆ ಕಳುವಾದರೂ ಆ ಟೋಕನ್ ಬೇರೆ ಅಂಗಡಿಯಲ್ಲಿ ನಡೆಯುವುದಿಲ್ಲ.

4. ಬ್ಯಾಂಕಿನಲ್ಲಿ ನಿಮ್ಮ ಖಾತೆಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ? ಇಲ್ಲಿ ಕೈ ಎತ್ತಿ ಎಂದಾಗ ಬಹಳ ಜನ ‘ಮಗನದು’, ‘ಯಜಮಾನರದು’ ಅಂದಿರಿ. ಖಾತೆ ನಿಮ್ಮ ಹೆಸರಿನಲ್ಲಿ, ಸುದ್ದಿ ಇನ್ನೊಬ್ಬರ ಜೇಬಿಗೆ! ಹಣ ಹೋದರೂ ಬಂದರೂ ಮೊದಲು ತಿಳಿಯಬೇಕಾದವರು ನೀವು. ಮನೆಯವರ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಮಗ ಸಿಮ್ ಬದಲಾಯಿಸಿದರೆ ಆ ಹಳೇ ನಂಬರ್ ಮುಂದೆ ಇನ್ಯಾರಿಗೋ ಸಿಗಬಹುದು. ನಿಮ್ಮದೇ ನಂಬರ್ ಕೊಡಿ. ಸಾದಾ ಕೀಪ್ಯಾಡ್ ಫೋನ್ ಆದರೂ ಸಾಕು, ಎಸ್‌ಎಂಎಸ್ ಬರುತ್ತದೆ.

ಹಣ ಹೋದರೆ ಏನು ಮಾಡಬೇಕು?

ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಬೇಗ ಕಳ್ಳನ ಖಾತೆಯಲ್ಲಿ ಹಣ ತಡೆಯಲು ಪ್ರಯತ್ನಿಸುತ್ತಾರೆ. ಮೊದಲ ಒಂದು ಗಂಟೆ ಬಹಳ ಮುಖ್ಯ. ಅದರ ಜೊತೆಗೇ ಬ್ಯಾಂಕಿಗೆ ಹೇಳಿ ಕಾರ್ಡು, ಯುಪಿಐ ನಿಲ್ಲಿಸಿ. ದೂರಿನ ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ನಷ್ಟ ಬ್ಯಾಂಕಿನದು. ಬ್ಯಾಂಕಿನದೂ ನಮ್ಮದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹೋದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮಗೆ ನಷ್ಟವಿಲ್ಲ. ನಾವೇ ಪಿನ್ ಕೊಟ್ಟು ಎಡವಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ಅಂದರೆ ತಪ್ಪು ನಮ್ಮದೇ ಆಗಿದ್ದರೂ ಬೇಗ ಹೇಳಿದರೆ ಲಾಭವಿದೆ. ಬ್ಯಾಂಕು ದೂರಿಗೆ 30 ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಬರೆಯಲು ಬಾರದವರಿಗೆ ನಮ್ಮ ಕಾರ್ಯಕರ್ತೆಯರು ಬರೆದುಕೊಡುತ್ತಾರೆ.

ಕೊನೆಯದಾಗಿ

ಸಂತ ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮತಿ ಇದೆ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯಗಳಿದ್ದವು, ಒಂದು ಕಳೆದುಹೋಯಿತು. ಆಕೆ ಮುಸುಕು ಹಾಕಿಕೊಂಡು ಮೂಲೆ ಸೇರಲಿಲ್ಲ. ದೀಪ ಹಚ್ಚಿದಳು, ಮನೆ ಗುಡಿಸಿದಳು, ಸಿಗುವವರೆಗೂ ಹುಡುಕಿದಳು, ಸಿಕ್ಕ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಈ ಹೆಂಗಸು ಎಲ್ಲರಿಗೂ ಅರ್ಥವಾಗುವವಳು. ಹಣ ಕಳೆದವಳು ತಪ್ಪಿತಸ್ಥೆಯಲ್ಲ, ಕದ್ದವನು ತಪ್ಪಿತಸ್ಥ. ನಾಚಿಕೆ ಅವನಿಗಿರಲಿ.

ನಮ್ಮ ಆ ಸಹೋದರಿಗೆ ಸಂಘದವರು ‘ಓದು ಬಲ್ಲವಳು ಹೀಗೆ ಮಾಡಿದೆಯಾ’ ಎಂದು ಒಂದು ಮಾತೂ ಆಡಲಿಲ್ಲ. ಕಂತಿನ ಅವಧಿ ಹೆಚ್ಚಿಸಿದರು. ಕಾಲೇಜಿನವರಲ್ಲಿ ಫೀಸನ್ನು ಎರಡು ಕಂತಿನಲ್ಲಿ ಕಟ್ಟಲು ಒಪ್ಪಿಗೆ ಪಡೆದೆವು. ಹುಡುಗಿ ಓದು ಬಿಡಲಿಲ್ಲ. ಆಕೆ ಕೊನೆಯ ಕಂತನ್ನೂ ಕಟ್ಟಿ ಮುಗಿಸಿದ್ದಾಳೆ. ಈಗ ಅವರ ಸಂಘದಲ್ಲಿ ಯಾರಾದರೂ ಮೊಬೈಲ್ ತೆಗೆದರೆ ಸಾಕು, ‘ಹೆಸರು ಓದಿದ್ಯೇನಕ್ಕಾ?’ ಎಂದು ಕೇಳುವವಳು ಅವಳೇ.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಮೂರು ಕೆಲಸ ಮಾಡಲಿ. ಒಂದು, ಯಾರ ಖಾತೆಗೆ ಯಾರ ನಂಬರ್ ಇದೆ ಎಂದು ಪ್ರತಿಯೊಬ್ಬರೂ ಹೇಳಲಿ, ಬೇರೆಯವರದಿದ್ದರೆ ಬದಲಾಯಿಸುವ ದಿನ ಗೊತ್ತುಮಾಡಲಿ. ಎರಡು, ಸಂಚಿ ಖಾತೆ ಯಾವುದು, ಪೆಟ್ಟಿಗೆ ಖಾತೆ ಯಾವುದು ಎಂದು ಪ್ರತಿಯೊಬ್ಬರೂ ತೀರ್ಮಾನಿಸಲಿ. ಮೂರು, 1930 ಎಂಬ ಸಂಖ್ಯೆಯನ್ನು ನಿರ್ಣಯ ಪುಸ್ತಕದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಯಲಿ. ಮುಂದಿನ ತಿಂಗಳು ಬಂದಾಗ ಇದನ್ನೇ ಮೊದಲು ಕೇಳುತ್ತೇವೆ.

 ದೇವರು ನಿಮ್ಮನ್ನೂ ನಿಮ್ಮ ಮನೆಮಕ್ಕಳನ್ನೂ ಕಾಪಾಡಲಿ.